ಕಾಠಿನ್ಯ ಮತ್ತು ಬೇಸರ: ‘ಬಾರ್ಡರ್‌ಲ್ಯಾಂಡ್ಸ್ 2’ ಆಟದ ಒಂದು ಪರಿಶೀಲನೆ

ಆಟವೊಂದು ಅತಿ ಕಠಿನವಾದರೆ ಆಡುವವನು ಕೈಚೆಲ್ಲುತ್ತಾನೆ. ಅತಿ ಸುಲಭವಾದರೆ ಆಕಳಿಸುತ್ತಾನೆ. ಇವೆರಡೂ ಪರಸ್ಪರ ವಿರುದ್ಧವಾದ ದೋಷಗಳೆಂಬುದು ಸಾಮಾನ್ಯ ತಿಳಿವಳಿಕೆ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರು ಚದುರಂಗದ ಆಟಗಾರರು, ಬಂಡೆ ಏರುವವರು, ಶಸ್ತ್ರವೈದ್ಯರು ಮೊದಲಾದವರನ್ನು ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸವಾಲು ಸಾಮರ್ಥ್ಯವನ್ನು ಮೀರಿದಾಗ ಆತಂಕವೂ ಸಾಮರ್ಥ್ಯ ಸವಾಲನ್ನು ಮೀರಿದಾಗ ಬೇಸರವೂ ಹುಟ್ಟುತ್ತವೆಂದು ನಿರೂಪಿಸಿದರು. ಈ ಮಾತು ಸಾಧುವೇ. ಆದರೆ ಒಂದೇ ಕಾಳಗದಲ್ಲಿ ಕಾಠಿನ್ಯವೂ ಬೇಸರವೂ ಜೊತೆಗೂಡಿ ಬರುವುದುಂಟು. ಅದು ಹೇಗೆ, ಅದಕ್ಕೆ ಪರಿಹಾರವೇನು ಎಂಬುದನ್ನು ಒಂದು ವಿಡಿಯೋ ಆಟದ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಗೇರ್‌ಬಾಕ್ಸ್ ಸಂಸ್ಥೆಯವರು 2009ರಲ್ಲಿ ‘ಬಾರ್ಡರ್‌ಲ್ಯಾಂಡ್ಸ್’ ಎಂಬ ಆಟವನ್ನೂ 2012ರ ಸೆಪ್ಟೆಂಬರಿನಲ್ಲಿ ಅದರ ಉತ್ತರಭಾಗವನ್ನೂ ಹೊರತಂದರು. ಪಂಡೋರಾ ಎಂಬ ಕಲ್ಪಿತ ಗ್ರಹದಲ್ಲಿ ನಿಧಿಯನ್ನರಸುವ ಬಂಟನು ಹ್ಯಾಂಡ್‌ಸಮ್ ಜ್ಯಾಕ್ ಎಂಬ ದುಷ್ಟನನ್ನು ಎದುರಿಸುವುದು ಇದರ ಕಥೆ. ಬಿದ್ದ ಶತ್ರುವಿನಿಂದಲೂ ತೆರೆದ ಪೆಟ್ಟಿಗೆಯಿಂದಲೂ ಆಯುಧಗಳು ಹೊರಬೀಳುತ್ತವೆ, ಇದೇ ‘ಲೂಟಿ’. ಈ ಬಂದೂಕುಗಳನ್ನು ಯಂತ್ರವೇ ಬಿಡಿಭಾಗಗಳನ್ನು ಕೂಡಿಸಿ ರಚಿಸುವುದರಿಂದ ಅವುಗಳ ವೈವಿಧ್ಯಕ್ಕೆ ಮಿತಿಯಿಲ್ಲ. ಬಿಳಿ, ಹಸುರು, ನೀಲಿ, ನೇರಳೆ, ಕಿತ್ತಳೆ ಎಂಬ ಬಣ್ಣಗಳು ಆಯುಧದ ಅಪೂರ್ವತೆಯನ್ನು ಕ್ರಮವಾಗಿ ಸೂಚಿಸುತ್ತವೆ.

ಕಥೆ ಒಮ್ಮೆ ಮುಗಿದರೆ ಆಟ ಮುಗಿಯುವುದಿಲ್ಲ. ಅದೇ ಕಥೆಯನ್ನು ಹೆಚ್ಚು ಬಲವುಳ್ಳ ಶತ್ರುಗಳೊಡನೆ ಎರಡನೆಯ ಸುತ್ತಿನಲ್ಲಿ ಆಡಬಹುದು. 2013ರ ಏಪ್ರಿಲಿನಲ್ಲಿ ‘ಅಲ್ಟಿಮೇಟ್ ವಾಲ್ಟ್ ಹಂಟರ್’ ಎಂಬ ಮೂರನೆಯ ಸುತ್ತೂ ಸೇರಿತು. ಆಟಗಾರನ ಮಟ್ಟದ ಮಿತಿ ಮೊದಲು 50 ಇದ್ದದ್ದು ಆಗ 61ಕ್ಕೂ, ಅದೇ ವರ್ಷ 72ಕ್ಕೂ, 2019ರಲ್ಲಿ 80ಕ್ಕೂ ಏರಿತು. ಮೂರನೆಯ ಸುತ್ತಿನಲ್ಲಿ ಶತ್ರುಗಳ ಪ್ರಾಣಬಲ ಬಹಳ ಹೆಚ್ಚು. ಪೆಟ್ಟು ತಿಂದು ಬದುಕಿದ ಶತ್ರು ತಾನಾಗಿಯೇ ಚೇತರಿಸಿಕೊಳ್ಳುವುದೂ ಉಂಟು.

ನಮ್ಮ ಸಮಸ್ಯೆ ಸ್ಪಷ್ಟವಾಗಿ ತೋರುವುದು ಇಲ್ಲಿಯೇ. ಆಯುಧದ ಬಲ ಅದರ ಸ್ವಂತ ಮಟ್ಟಕ್ಕೆ ಕಟ್ಟುಬಿದ್ದಿದೆ. ಆಟಗಾರನ ಮಟ್ಟ ಏರಿದಂತೆ ಶತ್ರುವೂ ಏರುತ್ತಾನೆ. ಕೈಯಲ್ಲಿರುವ ಬಂದೂಕು ಮಾತ್ರ ಸಿಕ್ಕ ದಿನದ ಮಟ್ಟದಲ್ಲಿಯೇ ನಿಲ್ಲುತ್ತದೆ. ನಾಲ್ಕೈದು ಮಟ್ಟ ಕಳೆಯುವಷ್ಟರಲ್ಲಿ ನೆಚ್ಚಿನ ಆಯುಧ ನಿಷ್ಪ್ರಯೋಜಕವಾಗಿ, ಸಾಮಾನ್ಯ ದರೋಡೆಕೋರನ ಮೇಲೂ ಗುಂಡುಗಳ ರಾಶಿಯನ್ನೇ ಸುರಿಯಬೇಕಾಗುತ್ತದೆ. ಇದು ಕಠಿನ, ಏಕೆಂದರೆ ಸೋಲು ಹತ್ತಿರದಲ್ಲಿದೆ; ಇದೇ ಬೇಸರ, ಏಕೆಂದರೆ ಮಾಡಬೇಕಾದ ಕೆಲಸ ಒಂದೇ ಬಗೆಯದು. ಮೊದಲ ಸುತ್ತಿನಲ್ಲಿ ಇದರ ವಿಪರ್ಯಾಸವನ್ನು ಕಾಣಬಹುದು. ಉಪಕಾರ್ಯಗಳನ್ನೆಲ್ಲ ಶ್ರದ್ಧೆಯಿಂದ ಮುಗಿಸಿದವನು ಮುಖ್ಯ ಕಥೆಯ ಶತ್ರುಗಳಿಗಿಂತ ಮೇಲಿನ ಮಟ್ಟಕ್ಕೇರುತ್ತಾನೆ. ಆಗ ಅವನು ಏನು ಮಾಡಿದರೂ ಗೆಲ್ಲುತ್ತಾನೆ. ಎರಡು ಸಂದರ್ಭಗಳಲ್ಲಿಯೂ ಮೂಲಕಾರಣ ಒಂದೇ: ಫಲವನ್ನು ಅಂಕಿಗಳು ಮೊದಲೇ ನಿರ್ಣಯಿಸಿಬಿಟ್ಟಿವೆ; ಆಟಗಾರನ ಆಯ್ಕೆಗೆ ಬೆಲೆಯಿಲ್ಲ. ಆದ್ದರಿಂದ ಆಯ್ಕೆಗೆ ಬೆಲೆಯನ್ನು ಮರಳಿ ತರುವುದೇ ಎರಡಕ್ಕೂ ಮದ್ದು.

ಈ ಮದ್ದಿನ ಮೊದಲ ಅಂಗ ಜ್ಞಾನ. ಬೆಂಕಿಯ ಗುಂಡು ಮಾಂಸದ ದೇಹಕ್ಕೂ, ಆಮ್ಲದ ಗುಂಡು ಲೋಹಕವಚಕ್ಕೂ, ವಿದ್ಯುತ್ತಿನ ಗುಂಡು ಶತ್ರುವಿನ ಷೀಲ್ಡಿಗೂ ಹೆಚ್ಚು ಹಾನಿಮಾಡುತ್ತವೆ. ಇವಲ್ಲದೆ ‘ಸ್ಲ್ಯಾಗ್’ ಎಂಬ ನೇರಳೆಬಣ್ಣದ ದ್ರವವಿದೆ. ಅದು ತಗುಲಿದ ಶತ್ರುವಿಗೆ ಇತರ ಆಯುಧಗಳಿಂದಾಗುವ ಹಾನಿ ಮೊದಲ ಎರಡು ಸುತ್ತುಗಳಲ್ಲಿ ಎರಡರಷ್ಟು, ಮೂರನೆಯ ಸುತ್ತಿನಲ್ಲಿ ಮೂರರಷ್ಟು. ಆದುದರಿಂದ ಅಲ್ಲಿ ಒಂದೇ ಬಂದೂಕಿನ ಕುದುರೆ ಅದುಮುತ್ತ ನಿಲ್ಲುವುದು ವ್ಯರ್ಥ. ಮೊದಲು ಸ್ಲ್ಯಾಗ್ ಹಚ್ಚಿ, ಒಡನೆಯೇ ಆಯುಧ ಬದಲಾಯಿಸಿ, ಶತ್ರುವಿನ ಸ್ವಭಾವಕ್ಕೆ ತಕ್ಕ ಗುಂಡನ್ನು ಹಾರಿಸಬೇಕು. ಅಸಾಧ್ಯವೆಂದು ತೋರಿದ ಕಾಳಗ ಇದರಿಂದ ಸಾಧ್ಯವಾಗುವುದಷ್ಟೇ ಅಲ್ಲ, ಯೋಚನೆಗೆ ಕೆಲಸ ಸಿಕ್ಕಿ ಏಕತಾನತೆಯೂ ಅಳಿಯುತ್ತದೆ.

ಎರಡನೆಯದು ಶತ್ರುವಿನ ಪರಿಚಯ. ಗೋಲಿಯಾತ್ ಎಂಬ ದೈತ್ಯನ ಶಿರಸ್ತ್ರಾಣವನ್ನು ಗುಂಡಿನಿಂದ ಹಾರಿಸಿದರೆ ಅವನು ರೊಚ್ಚಿಗೆದ್ದು ತನ್ನವರನ್ನೇ ಕೊಲ್ಲತೊಡಗುತ್ತಾನೆ, ಕೊಂದಷ್ಟೂ ಬಲಿಯುತ್ತಾನೆ. ಅವನನ್ನು ಬಳಸಿಕೊಳ್ಳಬೇಕೆ, ಬಲಿಯುವ ಮೊದಲೇ ಮುಗಿಸಬೇಕೆ ಎಂಬುದು ನಿಜವಾದ ಆಯ್ಕೆ. ನೆಲಕ್ಕೆ ಬಿದ್ದ ಆಟಗಾರನಿಗೂ ಕೆಲವು ಕ್ಷಣಗಳ ಅವಕಾಶವಿದ್ದು, ಅಷ್ಟರಲ್ಲಿ ಒಬ್ಬ ಶತ್ರುವನ್ನು ಕೊಂದರೆ ಅವನು ಮತ್ತೆ ಏಳುತ್ತಾನೆ. ಇದನ್ನರಿತವನು ದುರ್ಬಲನಾದ ಒಬ್ಬ ಶತ್ರುವನ್ನು ಬೇಕೆಂದೇ ಉಳಿಸಿಕೊಂಡಿರುತ್ತಾನೆ.

ಮೂರನೆಯದು ಪಾತ್ರದ ಬದಲಾವಣೆ. ಆಕ್ಸ್‌ಟನ್ ಸ್ವಯಂಚಾಲಿತ ಫಿರಂಗಿಯನ್ನು ನಿಲ್ಲಿಸುತ್ತಾನೆ. ಮಾಯಾ ಶತ್ರುವನ್ನು ಗಾಳಿಯಲ್ಲಿ ಸೆರೆಹಿಡಿಯುತ್ತಾಳೆ. ಸಾಲ್ವಡೋರ್ ಎರಡು ಕೈಗಳಲ್ಲಿ ಎರಡು ಬಂದೂಕು ಹಿಡಿಯುತ್ತಾನೆ. ಅನಂತರ ಸೇರಿದ ಗೇಜ್ ಎಂಬವಳು ಕಲಿಯಬಹುದಾದ ಒಂದು ವಿದ್ಯೆಯಿಂದ, ಗುರಿತಪ್ಪಿ ಗೋಡೆಗೆ ಬಡಿದ ಗುಂಡೂ ಪುಟಿದು ಶತ್ರುವಿನತ್ತ ಹೋಗಬಹುದು. ಕೈ ಪಳಗದವರಿಗೆ ಇದು ದೊಡ್ಡ ಆಸರೆ. ಗೆಳೆಯರೊಡನೆ, ಒಟ್ಟು ನಾಲ್ವರವರೆಗೆ, ಕೂಡಿ ಆಡಲೂ ಸಾಧ್ಯ. ಆಗ ಶತ್ರುಗಳೂ ಬಲಗೊಳ್ಳುತ್ತಾರಾದರೂ, ಬಿದ್ದವನನ್ನು ಎತ್ತಲು ಜೊತೆಗಾರನಿರುತ್ತಾನೆ.

ಇನ್ನು ಲೂಟಿಯ ವಿಚಾರ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂಬುದು ಅನಿಶ್ಚಿತವಾದಾಗ ಪಾರಿವಾಳ ಬಿಡುವಿಲ್ಲದೆ ಕುಕ್ಕುತ್ತಲೇ ಇರುವುದೆಂದು ತೋರಿಸಿದವು. ಈ ಆಟದ ಆರಂಭದಲ್ಲಿಯೇ ಎದುರಾಗುವ ನಕಲ್ ಡ್ರ್ಯಾಗರ್ ಎಂಬ ಮೃಗ ‘ಹಾರ್ನೆಟ್’ ಎಂಬ ಅಪೂರ್ವ ಪಿಸ್ತೂಲನ್ನು ಒಮ್ಮೊಮ್ಮೆ ಬೀಳಿಸುತ್ತದೆ. ಆಟದಿಂದ ಹೊರಬಂದು ಮತ್ತೆ ಒಳಹೊಕ್ಕರೆ ಮೃಗ ಮತ್ತೆ ಹಾಜರು. ಹೀಗೆ ಒಂದೇ ಮೃಗವನ್ನು ಸಂಜೆಯಿಡೀ ಕೊಲ್ಲುವವರುಂಟು. ಅನಿಶ್ಚಿತ ಬಹುಮಾನವು ಬೇಸರವನ್ನು ನೀಗುವುದಿಲ್ಲ. ಬೇಸರಪಟ್ಟವನನ್ನು ಎದ್ದುಹೋಗದಂತೆ ಹಿಡಿದಿಡುತ್ತದೆ, ಅಷ್ಟೆ. ಪಗಡೆಯಲ್ಲಿ ದಾಳ ಬೀಳುವುದು ದೈವದಿಂದಲಾದರೂ ಕಾಯಿ ನಡೆಸುವುದು ಆಟಗಾರನ ಬುದ್ಧಿ. ಕಾಯಿಯೇ ಇಲ್ಲದೆ ದಾಳವನ್ನಷ್ಟೇ ಉರುಳಿಸುತ್ತಿದ್ದರೆ ಅದನ್ನು ಪಗಡೆಯೆನ್ನಲಾಗದು.

ಇದರಿಂದ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಒಂದು ಒರೆಗಲ್ಲು ದೊರೆಯುತ್ತದೆ. ಸೋತಾಗ ‘ಮುಂದಿನ ಸಲ ಏನನ್ನು ಬೇರೆ ರೀತಿಯಲ್ಲಿ ಮಾಡಲಿ?’ ಎಂಬ ಪ್ರಶ್ನೆಗೆ ಉತ್ತರವಿದ್ದರೆ ಆ ಕಾಠಿನ್ಯ ಆಟಕ್ಕೆ ಸಹಜವಾದದ್ದು, ಮುಂದುವರಿಯಬಹುದು. ಉತ್ತರ ‘ಇನ್ನಷ್ಟು ಹೊತ್ತು ಅದನ್ನೇ’ ಎಂದಾದರೆ, ಮೊದಲು ಆಯುಧವನ್ನೋ ಪಾತ್ರವನ್ನೋ ಕಾರ್ಯದ ಕ್ರಮವನ್ನೋ ಬದಲಿಸಿ ನೋಡಬೇಕು; ಆಗಲೂ ಉತ್ತರ ಅದೇ ಆದರೆ ನಿಲ್ಲಿಸಬೇಕು. ಅಧ್ಯಾಪಕರಿಗೂ ಇದರಲ್ಲಿ ಒಂದು ಸೂಚನೆಯಿದೆ. ತರಗತಿಯಲ್ಲಿ ಬೇಸರಗೊಂಡ ವಿದ್ಯಾರ್ಥಿಗೆ ಅದೇ ಬಗೆಯ ಲೆಕ್ಕಗಳನ್ನು ಇಮ್ಮಡಿ ಸಂಖ್ಯೆಯಲ್ಲಿ ಕೊಡುವುದು ಶತ್ರುವಿನ ಪ್ರಾಣಬಲವನ್ನು ಹೆಚ್ಚಿಸಿದಂತೆಯೇ: ಶ್ರಮ ಹೆಚ್ಚುವುದು, ಆಸಕ್ತಿ ಹುಟ್ಟದು. ಅವನ ಬುದ್ಧಿಗೆ ಆಯ್ಕೆಯ ಅವಕಾಶವಿರುವ ಒಂದು ಲೆಕ್ಕವೇ ಹೆಚ್ಚು ಫಲಕಾರಿ.