ಗುಡ್ಡದ ಬಾಕಿ

ಶ್ರಾವಣದಲ್ಲಿ ಸಂಡೂರಿಗೆ ಬಂದರೆ ಬಳ್ಳಾರಿ ಸೀಮೆಯಲ್ಲಿದ್ದೇವೆ ಎಂದು ನಂಬುವುದೇ ಕಷ್ಟ. ಕುಮಾರಸ್ವಾಮಿ ಬೆಟ್ಟದ ನೆತ್ತಿಗೆ ಮೋಡ ಕವಿದಿರುತ್ತದೆ. ಬಂದರಿಕೆ, ಸೀತಾಫಲದ ಪೊದೆಗಳು ಮಳೆಯಲ್ಲಿ ತೊಳೆದುಕೊಂಡು ಮಿರುಗುತ್ತವೆ. ಆ ಹಸಿರಿನ ನಡುವೆ, ಗುಡ್ಡದ ತಲೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದಿಳಿಸಿದ ಗಣಿ. ಪಕ್ಕದಲ್ಲಿ, ಅದಿರು ಆರಿಸಿಕೊಂಡು ಬೇಡವೆಂದು ಸುರಿದ ಮಣ್ಣಿನ ಇನ್ನೊಂದು ಗುಡ್ಡ. ಇಲ್ಲಿನವರು ಅದನ್ನು 'ಡಂಪ್' ಎನ್ನುತ್ತಾರೆ.

ಹೀಗೆ ಸುರಿದ ಮಣ್ಣು ನಿಂತಲ್ಲಿ ನಿಲ್ಲುವುದಿಲ್ಲ. ಬಿರುಮಳೆಗೆ ಅದರ ಮೈಯಲ್ಲಿ ಬೆರಳಗಲದ ಗೆರೆ ಮೂಡುತ್ತದೆ, ಅದೇ ಆಳುದ್ದದ ಕೊರಕಲಾಗುತ್ತದೆ. ಕೆಂಪು ರಾಡಿ ಹಳ್ಳಕ್ಕಿಳಿದು, ಹೊಲದ ಮೇಲೆ ಹರಡಿ, ಕೆರೆಯ ತಳಕ್ಕೆ ಹೋಗಿ ಕೂರುತ್ತದೆ. ಒಮ್ಮೆ ಆ ಹೂಳು ಕುಳಿತ ನೆಲದಲ್ಲಿ ಬೆಳೆ ಏಳುವುದು ಸುಲಭವಲ್ಲ.

ಸರಿಪಡಿಸಿದ ಡಂಪಿನ ಬುಡದಲ್ಲಿ ನಿಂತು ನೋಡಬೇಕು. ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಬಡಿದಿರುತ್ತಾರೆ. ನಾರಿನ ಕಣ್ಣುಗಳೊಳಗಿಂದ ಹುಲ್ಲಿನ ಎಸಳು ಇಣುಕುತ್ತದೆ. ಕೆಳಗೆ, ತಂತಿಬಲೆಯೊಳಗೆ ಕಲ್ಲು ತುಂಬಿ ಕಟ್ಟಿದ ಗೋಡೆ. ಅದಕ್ಕೆ ಗಾರೆ ಇಲ್ಲ. ನೀರು ಕಲ್ಲಿನ ಸಂದಿಯಲ್ಲಿ ಜಿನುಗಿ ಆಚೆ ಹೋಗುತ್ತದೆ, ಮಣ್ಣು ಈಚೆ ಉಳಿಯುತ್ತದೆ. ಅಕ್ರಮ ಗಣಿಗಾರಿಕೆಯ ಸಾವಿರಾರು ಪುಟಗಳ ಮೊಕದ್ದಮೆ ಕೊನೆಗೆ ಬಂದು ನಿಲ್ಲಬೇಕಾದ ಜಾಗ ಇದು.

ಆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈನಲ್ಲಿ ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿಗಳು ನಿಂತವು. ಕೋರ್ಟು ನೇಮಿಸಿದ ತಂಡ ಒಂದೊಂದು ಗಣಿಯ ಗಡಿಯನ್ನೂ ಅಳೆಯಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಗಡಿ ವಿಪರೀತ ಮೀರಿದ ಸಿ ವರ್ಗದ ಗುತ್ತಿಗೆಗಳೇ ರದ್ದು. ಬಿ ವರ್ಗದವರು ಗಡಿಯಾಚೆ ತೋಡಿದ ಪ್ರತಿ ಹೆಕ್ಟೇರ್ ಗುಂಡಿಗೆ 5 ಕೋಟಿ, ಮಣ್ಣು ಸುರಿದ ಪ್ರತಿ ಹೆಕ್ಟೇರಿಗೆ 1 ಕೋಟಿ ರೂಪಾಯಿ ತೆರಬೇಕು. ಇಷ್ಟೇ ಆಗಿದ್ದರೆ ದಂಡ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಗಣಿ ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಒಪ್ಪಿಸಿ ಕೆಲಸಕ್ಕಿಳಿಯಬೇಕು ಎಂದು ಕೋರ್ಟು ಕಟ್ಟುಮಾಡಿತು. ಅದಿರಿನ ಲಾರಿ ಹೊರಡುವ ಮುನ್ನ ಗೋಡೆಯ ಕಲ್ಲು ಬರಬೇಕು. ಇಡೀ ತೀರ್ಪಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಕಟ್ಟುಪಾಡೇ.

ಗಣಿಯ ಬೇಲಿಯಾಚೆಗೆ ಆದ ಹಾನಿಗೆ ಬೇರೆ ದಾರಿ. ಮಾರಿದ ಅದಿರಿನ ಬೆಲೆಯಲ್ಲಿ ಒಂದು ಪಾಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮಕ್ಕೆ ಸೇರುತ್ತಾ ಬಂತು. ನಿಧಿ ಸಾವಿರಾರು ಕೋಟಿಗೆ ಏರಿತು. ಆದರೆ ಯೋಜನೆ, ಆಕ್ಷೇಪ, ಅನುಮತಿ ಎಂದು ವರ್ಷಗಳೇ ಸರಿದವು. ಅಷ್ಟು ಮಳೆಗಾಲಗಳ ಹೂಳನ್ನು ಹೊಲಗಳು ಸುಮ್ಮನೆ ನುಂಗಿದವು. 2022ರಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ದಾರಿ ತೆರೆಯಿತು. ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಕೋರ್ಟೇ ನೇಮಿಸಿತು. ಆ ಹಣದಲ್ಲಿ ರಸ್ತೆ, ಆಸ್ಪತ್ರೆ, ಶಾಲೆ ಎಲ್ಲವೂ ಇವೆ. ಧೂಳು ಕುಡಿದ ಊರುಗಳಿಗೆ ಅವೂ ಬೇಕು, ತಕರಾರಿಲ್ಲ. ಆದರೆ ಹಳ್ಳದ ಹೂಳು ತೆಗೆಯುವ ಕೆಲಸ ಪಟ್ಟಿಯ ಕೊನೆಗೆ ಜಾರಬಾರದು. ಕಟ್ಟಡಕ್ಕೆ ಉದ್ಘಾಟನೆ ಇದೆ, ಹಳ್ಳಕ್ಕಿಲ್ಲ.

ಇದೇ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕುದುರೆಮುಖ ಕಂಪನಿ ಈಗ 400 ಹೆಕ್ಟೇರಿಗೂ ಹೆಚ್ಚು ಕಾಡಿನಲ್ಲಿ ಗಣಿ ತೆರೆಯಲು ಹೊರಟಿದೆ. ಪಶ್ಚಿಮ ಘಟ್ಟದ ಕುದುರೆಮುಖದಲ್ಲಿ, ಭದ್ರಾ ನದಿಯ ದಡದಲ್ಲಿದ್ದ ಅದರ ಗಣಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಮುಚ್ಚಿತ್ತು. ಕುದುರೆಮುಖದ ಕಾಡಿಗೆ ಕಂಪನಿ ತೆರಬೇಕಾದ ಬಾಕಿ ತೀರುವವರೆಗೆ ದೇವದಾರಿಯ ಕಾಡು ಹಸ್ತಾಂತರಿಸಬೇಡಿ ಎಂದು 2024ರ ಜೂನ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಭದ್ರೆಯ ದಡದ ಹಳೆಯ ಲೆಕ್ಕವನ್ನು ಸಂಡೂರಿನ ನಾರಿಹಳ್ಳದ ದಂಡೆಯಲ್ಲಿ ಕೇಳಿದ ಆ ಸೂಚನೆ ನ್ಯಾಯವಾದದ್ದೇ. ಯಾವ ಸರ್ಕಾರ ಬಂದರೂ ಅದು ಸಡಿಲವಾಗಕೂಡದು.