ಹೋದದ್ದು 16 ಬೈಟ್

ಡಿ ಡ್ರೈವನ್ನು ಕೈತಪ್ಪಿ ಡಿಲೀಟ್ ಮಾಡಿದವರ ಕಣ್ಣಿಗೆ ಬೀಳುವುದು ಬರೀ ಖಾಲಿ ಜಾಗ. ಮದುವೆ ಫೋಟೊ, ಅಂಗಡಿಯ ಲೆಕ್ಕ, ಮುಗಿಯುತ್ತ ಬಂದಿದ್ದ ಪ್ರಬಂಧ, ಎಲ್ಲ ಒಂದೇ ಕ್ಲಿಕ್ಕಿಗೆ ಹೋದಂತೆ ಕಾಣುತ್ತದೆ. ಆದರೆ ಹಾರ್ಡ್ ಡಿಸ್ಕಿನ ತಟ್ಟೆಗಳ ಮೇಲೆ ಅವು ಇನ್ನೂ ಇದ್ದಲ್ಲೇ ಇರುತ್ತವೆ.

1983ರ ಪಿಸಿ ಡಾಸ್ 2.0ರೊಂದಿಗೆ ಬಂದ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳ ಪೈಕಿ ಪಾರ್ಟಿಷನ್‌ಗಳ (ಡಿ ಡ್ರೈವಿನಂಥ ವಿಭಾಗಗಳ) ಪಟ್ಟಿಗೆ ಮೀಸಲಾದದ್ದು 64 ಮಾತ್ರ. ಅದರಲ್ಲಿ ನಾಲ್ಕು ನಮೂದು, ಒಂದೊಂದಕ್ಕೆ 16 ಬೈಟ್: ಪಾರ್ಟಿಷನ್ ಯಾವ ಬಗೆಯದು, ಎಲ್ಲಿಂದ ಶುರು, ಎಷ್ಟು ಸೆಕ್ಟರ್. ಡಿಲೀಟ್ ಒತ್ತಿದಾಗ ಮುಖ್ಯವಾಗಿ ಅಳಿಯುವುದು ಈ ನಮೂದು. ಪಹಣಿಯಿಂದ ಒಂದು ಹಿಸ್ಸೆಯನ್ನು ಹೊಡೆದುಹಾಕಿದ ಮಾತ್ರಕ್ಕೆ ಹೊಲದ ಬೆಳೆ ಒಣಗುವುದಿಲ್ಲವಲ್ಲ. ಈಗಿನ ಜಿಪಿಟಿ ಪದ್ಧತಿ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಡುತ್ತದೆ. ಮೊದಲ ಪ್ರತಿ ಕೆಟ್ಟರೆ ಅದು ಆಸರೆಯೇನೋ ಹೌದು, ಆದರೆ ಡಿಲೀಟ್ ಮಾಡಿದಾಗ ಎರಡೂ ಕಡೆಯಿಂದ ನಮೂದು ಹೋಗಿಬಿಡುತ್ತದೆ.

ಹಾಗಾದರೆ ಗಡಿ ಪತ್ತೆ ಹಚ್ಚುವುದು ಹೇಗೆ? ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿಯ ಪಾರ್ಟಿಷನ್ನಿನ ಮೊದಲ ಸೆಕ್ಟರಿನಲ್ಲಿ ಎನ್‌ಟಿಎಫ್‌ಎಸ್ ಎಂಬ ಹೆಸರೂ ಪಾರ್ಟಿಷನ್ನಿನ ಒಟ್ಟು ಅಳತೆಯೂ ಇರುತ್ತವೆ. ಅದೇ ಸೆಕ್ಟರಿನ ನಕಲು ಪಾರ್ಟಿಷನ್ನಿನ ತುದಿಯಲ್ಲಿದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಡಿಸ್ಕನ್ನೆಲ್ಲ ಜಾಲಾಡಿ ಇಂಥ ಗುರುತು ಹುಡುಕುತ್ತದೆ. ಒಂದು ಸಿಕ್ಕರೂ ಆಚೆಯ ಗಡಿಯನ್ನು ಲೆಕ್ಕ ಹಾಕಬಹುದು. ಹಳೆಯ ನಮೂದನ್ನು ಮತ್ತೆ ಬರೆದರೆ ಫೋಲ್ಡರುಗಳು ಹೆಸರು ಸಮೇತ ವಾಪಸ್ ಬರುತ್ತವೆ.

ಈ ಗುರುತುಗಳೂ ಹಾಳಾಗಿದ್ದರೆ ಗ್ರೆನಿಯೆ ಅವರದೇ ಫೋಟೊರೆಕ್ ಇದೆ. ಅದು ಪಟ್ಟಿಯ ಗೊಡವೆಗೇ ಹೋಗದೆ ಫೈಲಿನ ತಲೆಯನ್ನು ಗುರುತಿಸುತ್ತದೆ: ಜೆಪೆಗ್ ಚಿತ್ರ ಯಾವಾಗಲೂ ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಚಿತ್ರ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಚೂರುಚೂರಾಗಿ ಹರಡಿದ್ದ ಫೈಲುಗಳು ಅರ್ಧಂಬರ್ಧ ಬರುತ್ತವೆ.

ಅನಾಹುತ ಆಗುವುದು ಹೆಚ್ಚಾಗಿ ಡಿಲೀಟ್ ಆದಮೇಲೆ. ಗಾಬರಿಯಲ್ಲಿ ಹೊಸ ಪಾರ್ಟಿಷನ್ ಮಾಡಿ ಫಾರ್ಮ್ಯಾಟ್ ಒತ್ತುತ್ತಾರೆ. ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಉದ್ದಕ್ಕೂ ಸೊನ್ನೆ ಬರೆಯುವುದು. ಮರಳಿ ಪಡೆದ ಫೈಲುಗಳನ್ನು ಅದೇ ಡಿಸ್ಕಿಗೆ ಉಳಿಸುವುದೂ ಅಷ್ಟೇ ಕೆಟ್ಟದ್ದು. ಡಿಸ್ಕನ್ನು ಕೂಡಲೇ ಬಿಚ್ಚಿಟ್ಟು, ಸೆಕ್ಟರ್ ಸೆಕ್ಟರ್ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡಬೇಕು. ಎಸ್‌ಎಸ್‌ಡಿಯಲ್ಲಂತೂ ಫಾರ್ಮ್ಯಾಟ್ ಮಾಡಿದೊಡನೆ ಟ್ರಿಮ್ ಆಜ್ಞೆ ಹೋಗಿ ಡ್ರೈವ್ ತಾನೇ ಆ ಜಾಗವನ್ನು ಅಳಿಸಿಬಿಡುವ ಸಾಧ್ಯತೆ ಹೆಚ್ಚು. ಆಗ ಯಾವ ತಂತ್ರಾಂಶವೂ ನೆರವಿಗೆ ಬಾರದು; ಬೇರೆಡೆ ಇಟ್ಟ ಪ್ರತಿಯೇ ಗತಿ.

2006ರಲ್ಲಿ ಅಮೆರಿಕದ ಅಲಾಸ್ಕಾ ರಾಜ್ಯದ ಕಂದಾಯ ಇಲಾಖೆಯಲ್ಲಿ ತಂತ್ರಜ್ಞರೊಬ್ಬರು, ರಾಜ್ಯದ ಜನರಿಗೆ ಹಂಚುವ ತೈಲ ನಿಧಿಯ ಲಾಭಾಂಶದ ಅರ್ಜಿಗಳಿದ್ದ ಡಿಸ್ಕನ್ನು ಅಕಸ್ಮಾತ್ ಅಳಿಸಿದರು. ಬ್ಯಾಕಪ್ ಡಿಸ್ಕನ್ನೂ ತಪ್ಪಿ ಫಾರ್ಮ್ಯಾಟ್ ಮಾಡಿದರು. ಮೂರನೆಯ ಆಸರೆಯಾದ ಟೇಪುಗಳನ್ನು ಓದಲಾಗಲಿಲ್ಲ. ಸುಮಾರು 8 ಲಕ್ಷ ಸ್ಕ್ಯಾನ್ ಚಿತ್ರಗಳು ಹೋದವು. ಉಳಿದದ್ದು 300ಕ್ಕೂ ಹೆಚ್ಚು ರಟ್ಟಿನ ಪೆಟ್ಟಿಗೆಗಳಲ್ಲಿದ್ದ ಮೂಲ ಕಾಗದ. ಸುಮಾರು 70 ಜನ ವಾರಾಂತ್ಯದಲ್ಲೂ ದುಡಿದು ಆಗಸ್ಟ್ ಕೊನೆಯ ಹೊತ್ತಿಗೆ ಎಲ್ಲವನ್ನೂ ಮತ್ತೆ ಕಂಪ್ಯೂಟರಿಗೆ ಸೇರಿಸಿದರು. ಖರ್ಚು 2 ಲಕ್ಷ ಡಾಲರ್ ಮೀರಿತು. ಆ ವರ್ಷ ತಲಾ 1,106.96 ಡಾಲರಿನ ಲಾಭಾಂಶ ಬಹುಪಾಲು ಜನರಿಗೆ ಹೇಳಿದ ಹೊತ್ತಿಗೇ ತಲುಪಿತು.