ಸೋರ್ಸ್ ಕೋಡಿಗೆ ಆಸ್ಕಿ ಸಾಕೇ?

ಪ್ರೋಗ್ರಾಮರುಗಳು ಬರೆದು ತಿದ್ದುವ ಮೂಲಪಾಠಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಅದನ್ನು ಆಸ್ಕಿ ಅಕ್ಷರಗಳಲ್ಲಷ್ಟೇ ಬರೆಯಬೇಕೆಂಬ ಕಟ್ಟುಪಾಡು ಇಂದಿಗೂ ಅನೇಕ ತಂಡಗಳಲ್ಲಿ ಉಳಿದುಬಂದಿದೆ. ಆಸ್ಕಿ ಎಂಬುದು 1963ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ, ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಪಡಿಸಿದ ಪಟ್ಟಿ. ಅದರಲ್ಲಿರುವ 128 ಸ್ಥಾನಗಳು ಇಂಗ್ಲಿಷ್ ಅಕ್ಷರ, ಅಂಕಿ, ಲೇಖನಚಿಹ್ನೆ ಹಾಗೂ ಕೆಲವು ನಿಯಂತ್ರಣ ಸಂಕೇತಗಳಿಗೆ ಸರಿಹೋಗುವುದರಿಂದ ಬೇರೆ ಲಿಪಿಗಳಿಗೆ ಅಲ್ಲಿ ಎಡೆಯಿರಲಿಲ್ಲ. 1991ರಲ್ಲಿ ಬಂದ ಯೂನಿಕೋಡ್ ಜಗತ್ತಿನ ಲಿಪಿಗಳನ್ನು ಒಂದೇ ಪಟ್ಟಿಗೆ ತರಲು ಹೊರಟು, ಕನ್ನಡವೊಂದಕ್ಕೇ 128 ಸ್ಥಾನಗಳ ವಿಭಾಗವನ್ನು ಮೀಸಲಿಟ್ಟಿತು.

ಬಳಕೆದಾರರಿಗೆ ತೆರೆಯ ಮೇಲೆ ಕಾಣುವ ವಾಕ್ಯಗಳಲ್ಲಿಯೂ ಓದುವವರ ಅನುಕೂಲಕ್ಕೆಂದು ಬರೆದಿಡುವ ಟಿಪ್ಪಣಿಗಳಲ್ಲಿಯೂ ಇತರ ಲಿಪಿಗಳಿರುವುದಕ್ಕೆ ಈಗ ಹೆಚ್ಚಿನ ಆಕ್ಷೇಪವಿಲ್ಲ. ವಿವಾದವಿರುವುದು ಹೆಸರುಗಳ ಬಗ್ಗೆ, ಅಂದರೆ ಮೌಲ್ಯಗಳನ್ನೂ ಕಾರ್ಯವಿಧಿಗಳನ್ನೂ ಗುರುತಿಸಲು ಪ್ರೋಗ್ರಾಮರು ತಾನೇ ಇಡುವ ಪದಗಳ ಬಗ್ಗೆ. ಪೈಥಾನ್ ಭಾಷೆಯು 2008ರ ಮೂರನೆಯ ಆವೃತ್ತಿಯಿಂದ ಇಂಥ ಹೆಸರುಗಳನ್ನು ಕನ್ನಡದಲ್ಲಿಯೂ ಇಡಲು ಅವಕಾಶ ಕೊಟ್ಟಿತಾದರೂ, ತನ್ನದೇ ಮೂಲ ಗ್ರಂಥಾಲಯದೊಳಗೆ ಆಸ್ಕಿ ಹೆಸರುಗಳೇ ಇರಬೇಕೆಂಬ ನಿಯಮವನ್ನು ಬಿಡಲಿಲ್ಲ. ಇದನ್ನು ಇಬ್ಬಗೆಯ ನೀತಿ ಎನ್ನಲಾಗದು. ಹಲವು ದೇಶದವರು ಸೇರಿ ತಿದ್ದುವ ಕೋಡಿನಲ್ಲಿ ಪ್ರತಿಯೊಂದು ಹೆಸರೂ ಎಲ್ಲರ ಕೀಲಿಮಣೆಗೆ ಎಟುಕಬೇಕು, ಆದರೆ ಕನ್ನಡದಲ್ಲಿ ಓದುವ ಮಕ್ಕಳಿಗೆ ಪಾಠವಾಗಲೆಂದು ಬರೆದ ಪ್ರೋಗ್ರಾಮಿಗೆ ಆ ಹಂಗಿಲ್ಲ.

ಆಸ್ಕಿಯ ಪರವಾದ ಬಲವಾದ ವಾದ ಸುರಕ್ಷತೆಯದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ 2021ರಲ್ಲಿ 'ಟ್ರೋಜನ್ ಸೋರ್ಸ್' ಎಂಬ ದಾಳಿಯ ವಿಧಾನವನ್ನು ಬಯಲು ಮಾಡಿದರು. ಅರಬ್ಬಿ, ಹೀಬ್ರೂ ಲಿಪಿಗಳು ಬಲದಿಂದ ಎಡಕ್ಕೆ ಸಾಗುವುದರಿಂದ, ಬರಹದ ದಿಕ್ಕನ್ನು ಬದಲಿಸುವ, ಕಣ್ಣಿಗೆ ಕಾಣದ ಸಂಕೇತಗಳು ಯೂನಿಕೋಡಿನಲ್ಲಿವೆ. ಅವನ್ನು ಟಿಪ್ಪಣಿಯೊಳಗೆ ಹುದುಗಿಸಿದರೆ, ಪರಿಶೀಲಿಸುವವರು ತೆರೆಯ ಮೇಲೆ ಓದುವ ಕ್ರಮವೇ ಬೇರೆ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಓದುವ ಕ್ರಮವೇ ಬೇರೆ ಆಗಬಹುದು. ಹೆಸರುಗಳನ್ನು ಆಸ್ಕಿಗೆ ಕಟ್ಟಿಹಾಕಿದ ಮಾತ್ರಕ್ಕೆ ಈ ದಾಳಿ ನಿಲ್ಲದೆಂಬುದನ್ನು ನಿಷೇಧದ ಪರವಾದಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ರಸ್ಟ್ ಭಾಷೆಯವರು ಅದೇ ವರ್ಷದ ನವೆಂಬರಿನಲ್ಲಿ ಆ ಸಂಕೇತಗಳನ್ನೇ ಹೆಕ್ಕಿ ತಡೆಯುವ ಆವೃತ್ತಿಯನ್ನು ಹೊರತಂದರು, ಲಿಪಿಗಳನ್ನು ಮುಟ್ಟಲಿಲ್ಲ.

ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳದು ಎರಡನೆಯ ತೊಡಕು. ಕನ್ನಡದ 'ರ' ಮತ್ತು ತೆಲುಗಿನ 'ರ' ನೋಟಕ್ಕೆ ಹೆಚ್ಚುಕಡಿಮೆ ಒಂದೇ ಆದರೂ ಯಂತ್ರಕ್ಕೆ ಬೇರೆ ಬೇರೆ ಸಂಖ್ಯೆಗಳು. ಆದರೆ ಆಸ್ಕಿಯೊಳಗೇ ಸೊನ್ನೆಗೂ ದೊಡ್ಡ 'ಓ' ಅಕ್ಷರಕ್ಕೂ, ಸಣ್ಣ 'ಎಲ್'ಗೂ ಅಂಕಿ ಒಂದಕ್ಕೂ ಇಂಥದೇ ಗೊಂದಲವುಂಟು.

ಕಾಣದ ಸಂಕೇತಗಳೆಲ್ಲ ಕಪಟದವೂ ಅಲ್ಲ. 'ರಾಜ್‌ಕುಮಾರ' ಎಂದು ಬರೆಯುವಾಗ 'ಕ'ಕಾರವು 'ಜ'ಕಾರಕ್ಕೆ ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಅಂಥದೊಂದು ಸಂಕೇತವನ್ನು ಇಡಬೇಕಾಗುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಹೆಸರಿನೊಳಗೆ ಒಪ್ಪುತ್ತದೆ, ಪೈಥಾನ್ ಒಪ್ಪುವುದಿಲ್ಲ. ಗೂಗಲ್ ಸಂಸ್ಥೆಯಲ್ಲಿ ಹುಟ್ಟಿದ ಗೋ ಭಾಷೆಯ ನಿಯಮ ಇನ್ನೂ ವಿಚಿತ್ರವಾದುದು: ಯೂನಿಕೋಡಿನಲ್ಲಿ 'ಅಕ್ಷರ' ಎಂಬ ವರ್ಗಕ್ಕೆ ಸೇರಿದವನ್ನೂ ಅಂಕಿಗಳನ್ನೂ ಅಡಿಗೆರೆಯನ್ನೂ ಮಾತ್ರ ಅದು ಹೆಸರಿನಲ್ಲಿ ಒಪ್ಪುವುದರಿಂದ, ಸ್ವರಚಿಹ್ನೆಗಳು ಬೇರೊಂದು ವರ್ಗದಲ್ಲಿರುವ ಕನ್ನಡದಲ್ಲಿ 'ಮನ' ಎಂಬ ಹೆಸರು ಸಲ್ಲುತ್ತದೆ, 'ಮನೆ' ಸಲ್ಲುವುದಿಲ್ಲ. ಲ್ಯಾಟಿನ್ ಲಿಪಿಯನ್ನೇ ಅಳತೆಗೋಲಾಗಿಟ್ಟುಕೊಂಡು ಬಾಗಿಲು ತೆರೆದರೆ ಆಗುವುದು ಹೀಗೆಯೇ. ಸಾಲದ್ದಕ್ಕೆ, ಒಂದು ಪ್ಯಾಕೇಜಿನ ಹೊರಗೂ ಬಳಕೆಗೆ ಸಿಗಬೇಕಾದ ಹೆಸರು ಗೋ ಭಾಷೆಯಲ್ಲಿ ದೊಡ್ಡಕ್ಷರದಿಂದಲೇ ಆರಂಭವಾಗಬೇಕು. ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವೇ ಇಲ್ಲದ ಕನ್ನಡದಲ್ಲಿ ಅಂಥ ಹೆಸರನ್ನಿಡಬಯಸುವವರು 'ಮನ' ಎಂಬ ಎರಡಕ್ಷರದ ಮುಂದೆಯೂ ಇಂಗ್ಲಿಷಿನ ಒಂದು ದೊಡ್ಡಕ್ಷರವನ್ನು ಅಂಟಿಸಬೇಕಾಗುತ್ತದೆ.